ಟ್ಯೂಬಿನಲ್ಲಿ ಬಂದ ಉತ್ತರ

ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಗ್ಯಾರೇಜಿನ ತಗಡಿನ ಮೇಲೆ ಬೀಳುತ್ತಿದ್ದ ನೀರಿನ ಸದ್ದಿಗೆ ಮಾತೇ ಕೇಳಿಸದೆ, ಇದ್ದವರೆಲ್ಲ ಒಳಗಿನ ಕೋಣೆಗೆ ಸರಿದಿದ್ದರು. ಗೋಡೆ ಪಕ್ಕದ ಮರದ ಬೆಂಚಿನ ಮೇಲೆ ಅಜ್ಜಿ. ಎದುರಿಗೆ ಮಗುಚಿ ಹಾಕಿದ ಬಕೆಟ್ಟಿನ ಮೇಲೆ, ನೆಗ್ಗಿದ ಬಾಗಿಲುಗಳನ್ನು ಬಡಿದು ಸರಿಮಾಡುವ ಟಿಂಕರು. ಬಾಗಿಲಿಗೆ ಒರಗಿ ನಿಂತ ಟ್ಯಾಕ್ಸಿ ಡ್ರೈವರು. ಮೊಮ್ಮಗಳು ಮಾತ್ರ ಕೈಯ ಗ್ರೀಸು ಒರೆಸಿಕೊಳ್ಳುತ್ತ ಆ ಕಡೆಗೂ ಈ ಕಡೆಗೂ ಓಡಾಡುತ್ತಿದ್ದಳು. ಅಜ್ಜಿಯ ಗ್ಯಾರೇಜು ಈಗ ಅವಳದು. ಅದರ ತಲೆನೋವೂ ಅವಳದೇ.

ಅವತ್ತಿನ ತಲೆನೋವು ಡ್ರೈವರನ ಹಳೆಯ ಕಾರು. ಬೆಳಿಗ್ಗೆ ಅದರಲ್ಲಿ ಅವನು ತನ್ನ ಅಕ್ಕನನ್ನು ಗುಡ್ಡದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಹೋದ ಸಲ ಅರ್ಧ ಏರಿನಲ್ಲೇ ಕಾರು ಕುದಿದು ನಿಂತು, ಆ ಹೆಣ್ಣುಮಗಳು ಬಿಸಿಲಲ್ಲಿ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತಿದ್ದಳಂತೆ. ಆ ಕಾರಿನ ಟೈಮಿಂಗ್, ಅಂದರೆ ಇಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತು, ಕೂಡಿಸಿ ಕಳಿಸಿದ್ದವಳು ಮೊಮ್ಮಗಳೇ. ಡ್ರೈವರು ಬೈದಿರಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಇಂಜಿನ್ನಿನೊಳಗೆ ಕಿಡಿ ಬೇಗ ಹಾರಿದರೆ ನಾಕ್ ಬರುತ್ತದೆ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು. ಬಿಟ್ಟರೆ ಪಿಸ್ಟನ್ನೇ ತೂತಾಗುತ್ತದೆ. ಟೈಮಿಂಗ್ ಹಿಂದೆ ತಂದು ಕಿಡಿಯನ್ನು ತೀರಾ ತಡಮಾಡಿದರೆ ಕಾರಿಗೆ ಕಸುವಿರುವುದಿಲ್ಲ, ಏರಿನಲ್ಲಿ ಕುದಿಯುತ್ತದೆ. ಆ ಸದ್ದು ಹಿಡಿಯಲು ಈ ಗ್ಯಾರೇಜಿನಲ್ಲಿ ಮೊದಲಿನಿಂದಲೂ ಒಂದೇ ಉಪಾಯ. ಒಂದು ತಾಮ್ರದ ಕೊಳವೆ. ಒಂದು ತುದಿಯನ್ನು ಬಡಿದು ಚಪ್ಪಟೆ ಮಾಡಿ, ತೂತು ಕೊರೆದು ಇಂಜಿನ್ನಿಗೆ ಬೋಲ್ಟು ಹಾಕುವುದು. ಇನ್ನೊಂದು ತುದಿಗೆ ರಬ್ಬರ್ ಟ್ಯೂಬು ಸಿಕ್ಕಿಸಿ, ಕಾರಿನ ಕಿಟಕಿಯಿಂದ ಒಳಗೆ ತಂದು, ಕಲ್ಲು ಕೊರೆಯುವವರು ಕಿವಿಗೆ ಹಾಕಿಕೊಳ್ಳುವ ಮುಚ್ಚಳಕ್ಕೆ ಸೇರಿಸುವುದು. ಒಬ್ಬರು ಗ್ಯಾರೇಜಿನ ಪಕ್ಕದ ಏರಿನಲ್ಲಿ ಕಾರು ಹತ್ತಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಕೇಳಬೇಕು.

"ಟ್ಯೂಬಲ್ಲಿ ಟಕ್ ಟಕ್ ಅಂತ ಎರಡೇ ಸದ್ದು ಬರುತ್ತೆ ಅಜ್ಜಿ," ಅಂದಳು ಮೊಮ್ಮಗಳು. "ಟೈಮಿಂಗ್ ಹಿಂದೆ ತಂದೆ, ಇನ್ನೂ ಹಿಂದೆ ತಂದೆ. ಹೋಗ್ತಾನೇ ಇಲ್ಲ."

ಇದು ಇಂಜಿನ್ ಅಲ್ಲ, ಯಾರೋ ಒಳಗೆ ಕೂತು ಬಾಗಿಲು ತಟ್ಟುತ್ತಿದ್ದಾರೆ ಎಂದು ಟಿಂಕರು ನಗೆಯಾಡಿದ. ಅಜ್ಜಿ ನಗಲಿಲ್ಲ. ಬೆಂಚಿನ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿ, "ಬಾ, ಕೂತ್ಕೋ ಇಲ್ಲಿ. ನಿಂತ್ಕೊಂಡು ಕೇಳೋ ಕತೆ ಅಲ್ಲ ಇದು," ಅಂದಳು.

"ನಮ್ಮಣ್ಣನ್ನ ನೀವ್ಯಾರೂ ನೋಡಿಲ್ಲ. ಈ ಗ್ಯಾರೇಜು ಹಾಕಿದೋನು ಅವನು. ಕಾರು ಹತ್ತಿರ ನಿಲ್ಲಿಸಿದ್ರೆ ಸಾಕು, ಅದಕ್ಕೇನು ಕಾಯಿಲೆ ಅಂತ ಕಿವಿಯಲ್ಲೇ ಹೇಳ್ತಾನೆ ಅಂತ ಜನ ಹೊಗಳೋರು. ಕಿವಿ ಎಲ್ಲಿತ್ತು ಅವನಿಗೆ? ಚಿಕ್ಕಂದಿನಿಂದ ಕಬ್ಬಿಣ ಬಡಿದು ಬಡಿದು ಅರ್ಧ ಕಿವುಡಾಗಿದ್ದ... ಊಟಕ್ಕೆ ಬಾ ಅಂತ ನಮ್ಮಮ್ಮ ಪಕ್ಕದಲ್ಲೇ ಕೂಗಿದ್ರೂ ಸುಮ್ಮನೆ ಕೂತಿರೋನು. ಅದು ಮನೆಯವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿರಲಿಲ್ಲ. ಈ ಗ್ಯಾರೇಜಿನ ಕಿವಿ ನಾನು. ಅವನು ಓಡಿಸೋದು, ನಾನು ಕೇಳೋದು.

"ಆದ್ರೆ ನಾವಿಬ್ರೂ ಮಾತಾಡೋದು ಹೇಗೆ ಹೇಳಿ? ನನ್ನ ಕಿವಿಗೆ ಮುಚ್ಚಳ, ಅವನ ಕಿವಿಗೆ ಅದೂ ಬೇಡ! ಅದಕ್ಕೆ ಒಂದು ರೂಢಿ ಮಾಡ್ಕೊಂಡಿದ್ವಿ. ಆಗಿನ ಕಾರುಗಳಲ್ಲಿ ಮುಂದೆ ಒಂದೇ ಉದ್ದ ಸೀಟು. ನಾಕ್ ಕೇಳಿದ ತಕ್ಷಣ ನಾನು ಸೀಟಿನ ಮೇಲೆ ಒಂದು ಸಲ ತಟ್ಟೋಳು. ಅದು ಅವನ ಮೈಗೆ ಗೊತ್ತಾಗೋದು. ಅವನು ಬೆರಳಲ್ಲಿದ್ದ ಉಂಗುರದಿಂದ ಸ್ಟೇರಿಂಗಿಗೆ ಎರಡು ಸಲ ತಟ್ಟೋನು... ಗೊತ್ತಾಯ್ತು, ಅಂತ. ಅದು ಕಬ್ಬಿಣದಿಂದ ಕಬ್ಬಿಣಕ್ಕೆ ಇಳಿದು, ಇಂಜಿನ್ನಿಗೆ ಹೋಗಿ, ಟ್ಯೂಬಲ್ಲಿ ನನ್ನ ಕಿವಿಗೆ ಬರೋದು. ಟಕ್ ಟಕ್. ಎಷ್ಟು ವರ್ಷ ಹಾಗೆ ಮಾತಾಡಿದ್ವೋ... ಬಾಯಲ್ಲಿ ಆಡಿದ್ದಕ್ಕಿಂತ ಅದರಲ್ಲಿ ಆಡಿದ್ದೇ ಜಾಸ್ತಿ."

ಒಂದು ಮಳೆಗಾಲ ಅಣ್ಣ ಜ್ವರ ಎಂದು ಮಲಗಿದವನು ಏಳಲಿಲ್ಲವಂತೆ. ಗ್ಯಾರೇಜು ಮುಚ್ಚುವುದೇ ವಾಸಿ ಎಂದು ನೆಂಟರೆಲ್ಲ ಹೇಳಿದರಂತೆ. ಆಕೆ ಕೇಳದೆ ತಾನೇ ಓಡಿಸಲು ಕಲಿತು, ತಾನೇ ಮುಚ್ಚಳ ಹಾಕಿಕೊಂಡು ಏರು ಹತ್ತಿದಳಂತೆ.

"ಮೊದಲನೇ ಕಾರು. ಏರಿನ ಮೇಲೆ ನಾಕ್ ಬಂತು. ಕೈ ಸುಮ್ಮನಿರುತ್ತಾ? ಪಕ್ಕದ ಖಾಲಿ ಜಾಗದ ಮೇಲೆ ಒಂದು ತಟ್ಟಿಬಿಟ್ಟೆ. ತಕ್ಷಣ ಟ್ಯೂಬಲ್ಲಿ ಟಕ್ ಟಕ್... ಇದೂ ನಾಕೇ ಅಂದ್ಕೊಂಡೆ ಕಣೆ. ಬೇರೆ ಏನಂದ್ಕೊಳ್ಳಲಿ? ಇಳಿದು ಟೈಮಿಂಗ್ ಹಿಂದೆ ತಂದೆ. ಮತ್ತೆ ಹತ್ತಿಸಿದೆ, ಮತ್ತೆ ಕೈ ತಟ್ಟಿತು, ಮತ್ತೆ ಬಂತು. ಇನ್ನೂ ಹಿಂದೆ ತಂದೆ. ಕಾರು ಎಮ್ಮೆ ಹಾಗಾಯ್ತು. ತಗೊಂಡು ಹೋದೋರು ಹೊಗೆ ಹಾಯಿಸ್ಕೊಂಡು ವಾಪಸ್ಸು ಬಂದ್ರು. ಇನ್ನೊಂದು ಕಾರೂ ಹಾಗೇ, ಮತ್ತೊಂದೂ ಹಾಗೇ. ಅಣ್ಣನ ಜೊತೆಗೇ ಗ್ಯಾರೇಜಿನ ಕಿವಿನೂ ಹೋಯ್ತು ಅಂತ ಜನ ಆಡ್ಕೊಂಡ್ರು. ನಗಬೇಕೋ ಅಳಬೇಕೋ?

"ಆಮೇಲೆ ತಲೆ ಓಡಿಸಿದೆ. ಉದ್ದನೆ ಸ್ಕ್ರೂಡ್ರೈವರು ಇಂಜಿನ್ನಿಗೆ ಒತ್ತಿ, ಹಿಡಿ ಕಿವಿಗೆ ಇಟ್ಟು ಕೇಳಿದೆ... ಇಂಜಿನ್ನು ಬೆಣ್ಣೆ ಹಾಗೆ ಓಡ್ತಿದೆ. ಕೊಳವೆ ಬದಲಾಯಿಸಿದೆ, ಟ್ಯೂಬು ಹೊಸದು ತಂದೆ. ಟ್ಯೂಬಿಗೆ ಕಿವಿ ಕೊಟ್ಟು ಸೀಟು ತಟ್ಟಿದ್ರೆ ಅದೇ ಸದ್ದು. ಕೊನೆಗೊಂದು ಮಧ್ಯಾಹ್ನ, ಕಾರು ಇಲ್ಲೇ, ಈ ಬಾಗಿಲ ಮುಂದೆ ನಿಂತಿದೆ. ಇಂಜಿನ್ ಆಫ್. ಬೀಗದ ಕೈ ನನ್ನ ಮುಷ್ಟಿಯಲ್ಲಿ. ಒಳಗೆ ಕೂತು, ಮುಚ್ಚಳ ಹಾಕ್ಕೊಂಡು, ಸೀಟಿನ ಮೇಲೆ ಒಂದು ಸಲ ತಟ್ಟಿದೆ..."

ಟಿಂಕರು ಬಕೆಟ್ಟನ್ನು ಕೊಂಚ ಹತ್ತಿರಕ್ಕೆ ಎಳೆದುಕೊಂಡ.

"ಬಂತಾ?" ಎಂದ ಡ್ರೈವರು.

"ಬಂತು. ಟಕ್ ಟಕ್."

ಆಗ ಓಡಿಬಂದಿರಾ ಎಂದು ಟಿಂಕರು ಕೇಳಿದ್ದಕ್ಕೆ, ಓಡಬೇಕಾದರೆ ಮೊದಲು ಕಾಲು ಏಳಬೇಕಲ್ಲ ಮಾರಾಯ, ಅಂದಳು ಅಜ್ಜಿ.

"ಏನು ಬೇಕಣ್ಣ ಅಂದೆ. ಸದ್ದಿಲ್ಲ. ಯಾರ ಮೇಲಾದ್ರೂ ಕೋಪವಾ ಅಂದೆ. ಸದ್ದಿಲ್ಲ. ಸೀಟು ತಟ್ಟಿದೆ, ಉತ್ತರ ಬಂತು. ಆಗ ಗೊತ್ತಾಯ್ತು... ಅವನಿಗೆ ಏನೂ ಬೇಡ. ಸತ್ತೋರು ಏನೋ ಕೇಳೋಕೇ ಬರ್ತಾರೆ ಅಂತ ನಾವ್ಯಾಕೆ ಅಂದ್ಕೋಬೇಕು? ನಾನು ಹೇಳ್ತಿದ್ದೆ, ಅವನು ಗೊತ್ತಾಯ್ತು ಅಂತಿದ್ದ. ಅಷ್ಟೇ. ಅವತ್ತಿಂದ ಒಂದು ಲೆಕ್ಕ ಇಟ್ಕೊಂಡೆ. ಟೈಮಿಂಗ್ ತಿರುಗಿಸಿದ್ರೆ ಹೋಗೋ ಸದ್ದು ಇಂಜಿನ್ನಿಂದು. ತಿರುಗಿಸಿದ್ರೂ ಹೋಗದೇ ಇರೋದು ನಮ್ಮಣ್ಣಂದು. ಅದಕ್ಕೆ ಟೈಮಿಂಗ್ ಮುಟ್ಟಬೇಡ ಮಗಳೇ. ಮುಟ್ಟಿದ್ರೆ ಬದುಕಿರೋರು ದಾರೀಲಿ ಕೂರಬೇಕಾಗುತ್ತೆ."

ಮೊಮ್ಮಗಳಿಗೆ ದೆವ್ವದ ಮೇಲೆ ನಂಬಿಕೆಯಿರಲಿಲ್ಲ. ಆದರೆ ಅಜ್ಜಿಯ ಲೆಕ್ಕ ಸರಿಯೆನ್ನಿಸಿತು. ತಿರುಗಿಸಿದರೂ ಬದಲಾಗದ ಸದ್ದಿಗೆ ಹೆದರಿ ತಾನು ಆ ಕಾರಿನ ಕಸುವನ್ನೆಲ್ಲ ಹಿಂಡಿಹಾಕಿದ್ದೆನಲ್ಲ ಎಂದುಕೊಂಡಳು. ಮಳೆ ತೆಳುವಾದದ್ದೇ ಬಾನೆಟ್ ಎತ್ತಿ ಟೈಮಿಂಗನ್ನು ಮುಂದಕ್ಕೆ ತಂದಳು. ಮುಚ್ಚಳ ಹಾಕಿಕೊಂಡು ಅವಳು ಪಕ್ಕದಲ್ಲಿ ಕೂತಳು, ಡ್ರೈವರು ಕಾರು ಹತ್ತಿಸಿದ. ಏರಿನ ನಡುವೆ ಗೋಲಿಗಳು ಗಲಗಲ ಎಂದವು, ಇದು ಇಂಜಿನ್ನಿನದು. ಇಳಿದು ಒಂದು ಕೂದಲಿನಷ್ಟು ಹಿಂದೆ ತಂದಳು. ಗೋಲಿಗಳು ಅಡಗಿದವು. ಕಾರು ಹಗ್ಗ ಬಿಚ್ಚಿದ ಕರುವಿನಂತೆ ಏರಿತು. ನೆತ್ತಿಗೆ ಬಂದು ಡ್ರೈವರು ಆಕ್ಸಿಲರೇಟರಿನಿಂದ ಕಾಲು ತೆಗೆದ. ಇಂಜಿನ್ ಸದ್ದು ಇಳಿಯಿತು. ಆಗ ಟ್ಯೂಬಿನಲ್ಲಿ, ಸ್ಪಷ್ಟವಾಗಿ, ಟಕ್ ಟಕ್.

ಅವಳು ಡ್ರೈವರನ ಕೈ ನೋಡಿದಳು. ಎರಡೂ ಸ್ಟೇರಿಂಗಿನ ಮೇಲೆ ಅಲುಗದೆ ಇದ್ದವು, ಬೆರಳಲ್ಲಿ ಉಂಗುರವಿರಲಿಲ್ಲ. ತನ್ನ ಕೈಗಳನ್ನು ಅವಳು ಮೊದಲೇ ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಮುಚ್ಚಳ ತೆಗೆದು, ಇಂಜಿನ್ನನ್ನು ಮತ್ತೆ ಮುಟ್ಟದೆ, "ಬೆಳಿಗ್ಗೆ ಅಕ್ಕನ್ನ ಕರ್ಕೊಂಡು ಹೋಗಿ. ದಾರೀಲಿ ನಿಲ್ಲಲ್ಲ," ಅಂದಳು.

ಡ್ರೈವರು ಅವಳನ್ನು ಗ್ಯಾರೇಜಿನ ಬಾಗಿಲಲ್ಲಿ ಇಳಿಸಿ ಹೊರಟ. ಟಿಂಕರೂ ಕೊಡೆ ಹುಡುಕಿಕೊಂಡು ಹೋದ. ಮೊಮ್ಮಗಳು ಬೆಂಚಿನ ಹತ್ತಿರ ಬಂದು ಕೂತಳು.

"ಅಜ್ಜಿ, ಮೊದಲು ಸೀಟು ತಟ್ಟಿದ್ರೆ ತಾನೇ ಅವರು ಉತ್ತರ ಕೊಡೋದು? ನಾನು ಇವತ್ತು ತಟ್ಟಿಲ್ಲ. ಯಾವತ್ತೂ ತಟ್ಟಿಲ್ಲ."

"ನೀನ್ಯಾಕೆ ತಟ್ಟಬೇಕು?" ಅಂದಳು ಅಜ್ಜಿ. "ಕಾರು ಏರು ಹತ್ತೋ ಸದ್ದು ಕೇಳಿದ್ರೆ ನನ್ನ ಕೈ ಸುಮ್ಮನಿರಲ್ಲ. ಇಲ್ಲೇ ಬೆಂಚಿನ ಮೇಲೆ ಒಂದು ಸಲ ತಟ್ಟುತ್ತೆ... ಪಕ್ಕದಲ್ಲಿ ಕೂಗಿದ್ರೂ ಕೇಳ್ತಿರಲಿಲ್ಲ ಕಣೆ ಅವನಿಗೆ, ಬದುಕಿದ್ದಾಗ. ಈಗ ನೋಡು, ಎಷ್ಟು ದೂರದಿಂದ ಕೇಳುತ್ತೆ."