ಭಾವನ ಜಾಗಕ್ಕೆ ಜಲೀಲ್

ಎಂತಕ್ಕೆ ನಗುದು ನೀನು? ಅಲ್ಲ ಹಲೀಮ, ಎಂತಕ್ಕೆ ನಗುದು ಹೇಳು! ಕಬಡ್ಡಿ ಟೀಮಿಗೆ ಬದಲಿ ರೈಡರ್ ತರಿಸು ಅಂತ ಹಠ ಹಿಡಿದದ್ದು ನೀನು. ಈಗ ತಂದ ಮೇಲೆ ಇಡೀ ದುಬೈ ನನಗೆ ಬೈಯುವಾಗ, ನೀನು ಇಲ್ಲಿ ಮಿರ್ದಿಫಲ್ಲಿ ಎಸಿ ಕೆಳಗೆ ಕೂತು ನಗುದು. ಒಳ್ಳೆ ಕಥೆ ಮಾರಾಯ್ತಿ!

ನೀನೇ ಅಲ್ವಾ ಹೇಳಿದ್ದು? ಇದೇ ಸೋಫಾದಲ್ಲಿ ಕೂತು, ಶಾಲಿನ ತುದಿಯಲ್ಲಿ ಕಣ್ಣು ಒರಸಿಕೊಂಡು... 'ಅಣ್ಣ, ಮೆಟ್ಟಿಲು ಹತ್ತುವಾಗ ಇವರಿಗೆ ಎದೆ ಹಿಡಿದ ಹಾಗೆ ಆಗ್ತದೆ, ಡಾಕ್ಟರ್ ಓಡ್ಬೇಡಿ ಅಂದಿದ್ದಾರೆ. ಟೀಮಿನ ಮ್ಯಾನೇಜರ್ ನೀನಲ್ವಾ, ಹೇಗಾದ್ರೂ ಮಾಡಿ ಕಬಡ್ಡಿ ಬಿಡಿಸು. ಆದ್ರೆ ನಾನು ಹೇಳಿದ್ದು ಅಂತ ಗೊತ್ತಾಗ್ಬಾರ್ದು.' ಹೇಳಿದ್ದಾ ಇಲ್ವಾ? ಹಾಂ... ಈಗ ತಲೆ ಆಡಿಸ್ತಿ.

ಅದಕ್ಕೇ ಜಲೀಲನನ್ನು ವಿಸಿಟ್ ವೀಸಾದಲ್ಲಿ ಊರಿಂದ ತರಿಸಿದ್ದು. ನಿನ್ನ ಗಂಡನ ಜಾಗಕ್ಕೆ. ಮತ್ತೆ ವಾಟ್ಸಪ್ ಗ್ರೂಪಲ್ಲಿ ನನ್ನ ಮೇಲೆ ಶುರುವಾಯ್ತು ನೋಡು ಗಲಾಟೆ! 'ತೌಫೀಕನ ಬದಲಿಗೆ ಈ ಕಡ್ಡಿಯಾ?' 'ಉಮರಬ್ಬನಿಗೆ ತಲೆ ಕೆಟ್ಟಿದೆ!' ಅಬುಧಾಬಿಯಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಮೊಬೈಲ್ ಅಂಗಡಿಯವ, ಜೀವಮಾನದಲ್ಲಿ ಒಂದು ರೈಡ್ ಮಾಡದವ, ಅವನೂ ವಾಯ್ಸ್ ಕಳಿಸ್ತಾನೆ, 'ಜಲೀಲನಿಗೆ ಕಾಲುಂಟು, ದಮ್ಮಿಲ್ಲ. ತೌಫೀಕ್ ಗೆರೆ ದಾಟಿ ಬಡ್ಡಿ ಬಡ್ಡಿ ಅಂದ್ರೆ ಸಾಕು, ಎದುರಿನವರ ತೊಡೆ ನಡುಗ್ತದೆ' ಅಂತ.

ಅದು ಹೌದು. ಎಲ್ಲರೂ ಕಬಡ್ಡಿ ಕಬಡ್ಡಿ ಅಂದ್ರೆ, ಭಾವ 'ಕ' ನುಂಗಿಬಿಡ್ತಾರೆ. ಬರೀ ಬಡ್ಡಿ ಬಡ್ಡಿ! ಮುಂದಿನ ಹಲ್ಲಿನ ಸಂದಿಯಿಂದ ಮಧ್ಯೆ ಮಧ್ಯೆ ಒಂದು ಸಿಳ್ಳೆ ಬೇರೆ. ಮದುವೆ ಆದ ಹೊಸತರಲ್ಲಿ ನೀನು ಎಷ್ಟು ಕುಶಾಲು ಮಾಡ್ತಿದ್ದೆ, ನೆನಪುಂಟಾ? 'ಬಡ್ಡಿ ಹರಾಮು ಅಂತ ಉಸ್ತಾದರು ಬೊಬ್ಬೆ ಹೊಡೆದ್ರೆ, ನನ್ನ ಗಂಡ ಮೈದಾನದಲ್ಲಿ ನಿಂತು ಬಡ್ಡಿ ಕೇಳ್ತಾರೆ' ಅಂತ. ಆಹಾ, ನಕ್ಕಳು ನೋಡು! ಚಾ ಚೆಲ್ತದೆ, ಗ್ಲಾಸ್ ಕೆಳಗಿಡು.

ಭಾವ ಎಲ್ಲಿ ಅಂತನಾ? ಬರುವಾಗಲೇ ಹೇಳಿದೆನಲ್ಲ. ಫುಜೈರಕ್ಕೆ ಹೋಗಿದ್ದಾರೆ. ಜುಮ್ಮಾ ನಮಾಜು ಮುಗಿಸಿ ಹೊರಗೆ ಬರುವಾಗ ಕಂಪೆನಿಯಿಂದ ಫೋನ್, ಅರ್ಜೆಂಟ್ ಲೋಡ್ ಉಂಟಂತೆ. ರಾತ್ರಿ ಆಗ್ತದೆ ಬರುವಾಗ. ನಾಳೆಯೂ ಆದೀತು... ಫೋನ್ ಸ್ವಿಚ್ ಆಫ್? ಗುಡ್ಡದ ಮಧ್ಯೆ ನೆಟ್‌ವರ್ಕ್ ಮಾಫಿ, ಇರುದೇ ಇಲ್ಲ, ಗೊತ್ತಿಲ್ವಾ ನಿನಗೆ?

ಕಿಟ್ ಬ್ಯಾಗ್? ಕಿಟ್ ಬ್ಯಾಗ್ ಯಾವಾಗಲೂ ಕಾರಲ್ಲೇ ಇರ್ತದಲ್ಲ. ಹೌದಾ? ಮನೆಯಿಂದ ಹಿಡ್ಕೊಂಡು ಹೋದದ್ದನ್ನು ನೀನು ನೋಡಿದ್ಯಾ? ಹಾಗಾದ್ರೆ... ಅಭ್ಯಾಸ ಅದು. ಬ್ಯಾಗ್ ಹೆಗಲಿಗೆ ಹಾಕದಿದ್ರೆ ಕೆಲವರಿಗೆ ನಡೆಯಲಿಕ್ಕೇ ಆಗುದಿಲ್ಲ. ಹಾಗೆ ನೋಡ್ಬೇಡ ನನ್ನನ್ನು!

ತಡಿ, ಈ ಫೋನೊಂದು ಉಪದ್ರ. ಕಟ್ ಮಾಡ್ತೇನೆ. ಯಾರೂ ಇಲ್ಲ, ಗ್ರೂಪಿನವರು. ಬೆಳಗ್ಗಿಂದ ಇದೇ... ಮತ್ತೆ ಮಾಡ್ತಾರೆ ನೋಡು. ಸಾಯ್ಲಿ, ಸೈಲೆಂಟಲ್ಲಿ ಇಡ್ತೇನೆ.

ಜಲೀಲನ ಆಟ ನೋಡ್ತೀಯಾ? ನೋಡು, ಆಮೇಲೆ ನೀನೇ ಹೇಳು ನಾನು ತಂದದ್ದು ಸರಿಯಾ ತಪ್ಪಾ. ಇವತ್ತು ಪ್ರಾಕ್ಟೀಸಲ್ಲಿ ನಾನೇ ತೆಗೆದ ವೀಡಿಯೋ. ಈಗ ರೂಮಲ್ಲಿ ಮಲಗಿದ್ದಾನೆ ಅವನು, ನಾಳೆ ಅಬುಧಾಬಿಯಲ್ಲಿ ಫೈನಲ್ ಅಲ್ವಾ... ಇದು ಎಲ್ಲಿಯಾ? ನಮ್ಮ ಧಣಿ ಅರಬಾಬಿನ ಗೋದಾಮು. ಶುಕ್ರವಾರ ಖಾಲಿ ಇರ್ತದೆ, ಕೀ ನನ್ನ ಹತ್ರ. ತಗಡಿನ ಮಾಡು, ಸೆಖೆ ಉಂಟು, ಒಲೆಯ ಒಳಗೆ ಕೂತ ಹಾಗೆ. ಆದ್ರೆ ಕೇಳುವವರಿಲ್ಲ. ಧಣಿಗೆ ಗೊತ್ತಿಲ್ಲ ಮತ್ತೆ! ಗೊತ್ತಾದ್ರೆ ನನ್ನ ಕೆಲಸ, ವೀಸಾ, ಎಲ್ಲಾ ಖಲಾಸ್.

ನೋಡು ನೋಡು... ಹೇಗೆ ಹೋಗ್ತಾನೆ! ಬೋನಸ್ ಗೆರೆಗೆ ಕಾಲು... ಹಿಡಿಲಿಕ್ಕೆ ಬಂದ್ರು... ಜಾರಿದ! ಬಂದ, ಬಂದ, ವಾಪಸ್! ಎಂತ ಸ್ಪೀಡ್ ಅಲ್ವಾ?

ಸಾಕು, ಮುಗೀತು. ಕೊಡು ಫೋನ್.

ಕೊಡು ಹಲೀಮ. ಮುಂದೆ ಎಂತ ಇಲ್ಲ. ಆಫ್ ಮಾಡ್ಲಿಕ್ಕೆ ಮರ್ತು ಬರೀ ನೆಲ ರೆಕಾರ್ಡ್ ಆದದ್ದು ಅಷ್ಟೇ...

ಎಂತಕ್ಕೆ ಬಾಗಿಲು ನೋಡುದು? ಯಾರೂ ಬರ್ಲಿಲ್ಲ. ವಿಮಾನ ಅದು, ಈ ಮನೆ ಮೇಲೆ ದಿನಕ್ಕೆ ಎಷ್ಟು ಹೋಗುದಿಲ್ಲ...

ವೀಡಿಯೋ ಹಿಂದೆ ಯಾಕೆ ತಿರುಗಿಸ್ತಿ? ಅದು... ಬಡ್ಡಿ ಅಂತ ಯಾರು ಬೇಕಾದ್ರೂ ಹೇಳಬಹುದು. ಕಬಡ್ಡಿ ಬೇಗ ಬೇಗ ಹೇಳಿದ್ರೆ ಬಡ್ಡಿ ಅಂತಲೇ ಕೇಳುದು. ಸಿಳ್ಳೆಯಲ್ಲ, ಫ್ಯಾನಿನ ಶಬ್ದ. ಹಳೇ ಫ್ಯಾನ್... ಬೇಡ, ಇನ್ನೊಮ್ಮೆ ಹಾಕ್ಬೇಡ. ನನ್ನಿಂದ ಕೇಳ್ಲಿಕ್ಕೆ ಆಗುದಿಲ್ಲ! ಅದು ಮಧ್ಯದಲ್ಲಿ ನಿಲ್ತದೆ... ಆಫ್ ಮಾಡು ಹಲೀಮ, ನಿನ್ನ ಕಾಲಿಗೆ ಬೀಳ್ತೇನೆ.

ಹೌದು. ಭಾವ ಬಂದಿದ್ರು.

ಗ್ರೂಪಿನವರು ಬಿಡ್ಲಿಲ್ಲ ಮಾರಾಯ್ತಿ! ಇಬ್ಬರನ್ನೂ ಇಳಿಸಿ ನೋಡಿ, ಗೆದ್ದವ ಫೈನಲ್ ಆಡಲಿ ಅಂದ್ರು. ನನಗೂ ಸರಿ ಕಂಡಿತು. ಭಾವ ಹೇಗೂ ಸೋಲ್ತಾರೆ, ತಾವಾಗಿಯೇ ಬಿಡ್ತಾರೆ, ನಿನ್ನ ಹೆಸರು ಎಲ್ಲಿಯೂ ಬರುದಿಲ್ಲ ಅಂತ... ಆದ್ರೆ ಸೋಲ್ಲಿಲ್ಲ! ಸೋಲ್ಲೇ ಇಲ್ಲ ಭಾವ! ಹೋದಲ್ಲೆಲ್ಲ ಮುಟ್ಟಿ ಬಂದ್ರು. ಇನ್ನೊಂದು ರೈಡ್ ಹೋಗಿ, ಇನ್ನೊಂದು ಹೋಗಿ ಅಂತ ನಾನೇ ಹೇಳಿದ್ದು. ಕಡೆಗೆ ಗೆರೆ ಹತ್ರ ಬರುವಾಗ ಬಾಯಿ ನಿಂತಿತು. ನಾವು ಔಟ್ ಔಟ್ ಅಂತ ಬೊಬ್ಬೆ ಹೊಡೆದೆವು ಹಲೀಮ. ಬಿದ್ದ ಮೇಲೂ ಹೊಡೆದೆವು.

ಆಂಬುಲೆನ್ಸ್... ಇಲ್ಲ. ಕರೆದ್ರೆ ಪೊಲೀಸ್ ಬರ್ತದೆ. ಗೋದಾಮು ಯಾರದ್ದು ಅಂತ ಕೇಳ್ತಾರೆ. ನೀರು ಹೊಡೆದಾಗ ಭಾವ ಕಣ್ಣು ಬಿಟ್ರು ಅಲ್ವಾ, ಸ್ವಲ್ಪ ಹೊತ್ತಲ್ಲಿ ಸರಿಯಾಗ್ತದೆ ಅಂತ... 'ಹಲೀಮನಿಗೆ ಹೇಳ್ಬೇಡಿ' ಅಂದ್ರು. ಅಷ್ಟೇ ಅಂದದ್ದು. ಅದಕ್ಕೇ ನಾನು ಇಲ್ಲಿಗೆ ಓಡಿ ಬಂದದ್ದು, ನೀನು ಅಲ್ಲಿ ಇಲ್ಲಿ ಫೋನ್ ಮಾಡಿ ಹುಡುಕ್ಬಾರ್ದು ಅಂತ. ನಾನು ಹೊರಡುವಾಗ ಉಸಿರಿತ್ತು. ಅಲ್ಲಾಹನಾಣೆ ಇತ್ತು. ಮ್ಯಾಟಿನ ಮೇಲೆ ಮಲಗಿಸಿ ಬಂದೆ. ಜಲೀಲ್ ಇದ್ದಾನೆ ಹತ್ರ, ಗಾಳಿ ಹಾಕ್ಲಿಕ್ಕೆ...

ಮತ್ತೆ ಬಂತಾ ಫೋನ್? ಗ್ರೂಪಿನವರಲ್ಲ, ಜಲೀಲನೇ. ಆಗ ಕಟ್ ಮಾಡಿದ್ದೂ ಅವನದ್ದೇ. ಕೊಡು ನನಗೆ, ನಾನು ಮಾತಾಡ್ತೇನೆ. ನೀನು ಎತ್ಬೇಡ. ಎತ್ಬೇಡ ಹಲೀಮ...

ಎತ್ತಿದ್ಯಾ. ಕೇಳು, ಉಸಿರುಂಟಾ ಕೇಳು! ಆಂಬುಲೆನ್ಸ್ ಕರಿಲಿಕ್ಕೆ ಹೇಳು ಅವನಿಗೆ, ಈಗಲೇ, ನನ್ನ ಕೆಲಸ ಹೋದ್ರೆ ಹೋಗ್ಲಿ, ಜೈಲಿಗೆ ಹಾಕ್ಲಿ! ಹೇಳು! ಯಾಕೆ ಹೇಳುದಿಲ್ಲ ನೀನು?

ಎಂತ ಹೇಳಿದ? ಯಾಕೆ ಫೋನ್ ಇಟ್ಟೆ? ಹಲೀಮ, ಎಂತ ಹೇಳಿದ ಅವನು?

ಬೈ ನನಗೆ. ಹೊಡಿ ಬೇಕಾದ್ರೆ. ಶಾಲು ತಲೆಗೆ ಎಳ್ಕೊಂಡು ಹೀಗೆ ನೆಲದಲ್ಲಿ ಕೂರ್ಬೇಡ... ಆಂಬುಲೆನ್ಸಿಗೆ ಹೇಳುದಾ ಬೇಡ್ವಾ, ಅದೊಂದು ಹೇಳು ಮಾರಾಯ್ತಿ... ಹಲೀಮ?