ಗುಂಡಿ ಒತ್ತಿದರೆ ತೆರೆಯುವ ಚಾಕು

ಚಾಕು ತಯಾರಿಕೆಗೆ ಹೆಸರಾದ ಮನಿಯಾಗೊ ಊರಿನಿಂದ ಹೊರಟ ಬಸ್ಸು ಮಂಜಿನೊಳಗೆ ತೇಲುತ್ತಿತ್ತು. ತೂಕಡಿಸುತ್ತಿದ್ದ ಎಲ್ದಾ 'ಟಕ್' ಎಂಬ ಸದ್ದಿಗೆ ಕಣ್ಣು ಬಿಟ್ಟಳು. ಮುಂದಿನ ಸೀಟಿನ ಮುದುಕನ ಬಲಗೈಯಲ್ಲಿ ಹೊಸ ಚಾಕು ಹೊಳೆಯುತ್ತಿತ್ತು. ಲಕ್ವ ಹೊಡೆದ ಎಡಗೈ ತೊಡೆಯ ಮೇಲೆ ಮಲಗಿತ್ತು. ಅವನು ಪಕ್ಕದಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ.

"ನೋಡಿದ್ಯಾ ನಿವೆಸ್? ಗುಂಡಿ ಒತ್ತಿದ್ರೆ ಸಾಕು, ಮೀನು ನೆಗೆದ ಹಾಗೆ ಬರುತ್ತೆ."

"ಈ ವಯಸ್ಸಲ್ಲಿ ಯಾರ ಮೇಲೆ ಯುದ್ಧ, ದೊರಿನೊ?"

"ಚೀಸ್ ಮೇಲೆ."

"ಹಳೇದನ್ನ ದಿನಾ ನಾನೇ ಬಿಚ್ಚಿಕೊಡ್ತಿದ್ದೆ. ಇನ್ನು ನನಗೇನು ಕೆಲಸ, ಬಿಡು."

"ಬಿಚ್ಕೊಳ್ಳೋದಷ್ಟೇ ತಾನಾಗಿ ಕಣೆ. ಮಡಚೋಕೆ ಎರಡು ಕೈ ಬೇಕು."

"ಅಂಗಡಿಯವನು ಮೊದಲೇ ಹೇಳ್ಲಿಲ್ವಾ?"

"ಹೇಳಿದ. ಅದಕ್ಕೇ ತಗೊಂಡೆ."

ನಿವೆಸ್ ಚಾಕು ಮಡಚಿ ಅವನ ಜೇಬಿಗಿಟ್ಟಳು. ಮುಂದಿನ ನಿಲ್ದಾಣದಲ್ಲಿ ಇಬ್ಬರೂ ಇಳಿದರು. ಅವರು ಮಂಜಿನಲ್ಲಿ ಕರಗಿದ ಮೇಲೂ ಎಲ್ದಾಳಿಗೆ ಕೇಳಿಸಿತು:

ಟಕ್.

"ತಗೊಳ್ಳೇ, ಮಡಚು."