ಸ್ಟೇಕ್ ಮೂಸಿದವನಿಗೆ ಶಾಲು

...ರುಚಿ ಎನ್ನುವುದರಲ್ಲಿ ಮುಕ್ಕಾಲು ಪಾಲು ಮೂಗಿನದೇ ಎಂದು, ಅಥವಾ ಇಂಥದ್ದೇ ಏನನ್ನೋ, ನಾನು ಇದೇ ಕನ್ನಡ ಸಂಘದ ಜೂಮ್ ಉಪನ್ಯಾಸವೊಂದರಲ್ಲಿ ಹೇಳಿದ್ದೆನಂತೆ. ನನಗೆ ಸರಿಯಾಗಿ ನೆನಪಿಲ್ಲ. ನೆನಪಿಟ್ಟುಕೊಂಡವನು ಗಂಗಾಧರ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ. ಸಂಘದ ಅಧ್ಯಕ್ಷರಾದ ತಿಮ್ಮಪ್ಪನವರೇ, ಕಾರ್ಯದರ್ಶಿ ಸುಮತಿಯವರೇ, ಎರಡು ವರ್ಷ ಪರದೆಯ ಚೌಕಗಳಲ್ಲಿದ್ದು ಈ ಯುಗಾದಿಗೆ ಸಶರೀರರಾಗಿ ಬಂದಿರುವ ಸಭಿಕರೇ,

ಈ ಶಾಲಿಗೆ, ಈ ಹಣ್ಣಿನ ಬುಟ್ಟಿಗೆ ನಾನು ಕೃತಜ್ಞ. ಸನ್ಮಾನ ಪತ್ರದಲ್ಲಿ ‘ಆಹಾರ ಸಂಸ್ಕೃತಿಯ ಸೇವೆಗಾಗಿ’ ಎಂದಿದೆ. ಕೌಲಾಲಂಪುರದ ಪಬ್ಬು, ರೆಸ್ಟೋರೆಂಟುಗಳಲ್ಲಿ ಒಳ್ಳೆಯ ಸ್ಟೇಕ್ ಎಲ್ಲಿ ಸಿಗುತ್ತದೆ ಎಂದು ನಾನು ಮಾಡಿದ ಇಪ್ಪತ್ತಮೂರು ಜಾಗಗಳ ಪಟ್ಟಿ ನಿಮ್ಮೆಲ್ಲರ ಫೋನಿನಲ್ಲಿದೆ ಎಂಬುದು ಇದರ ಅರ್ಥ. ಯಾವ ಪ್ರಾಣಿಯ ಸ್ಟೇಕ್ ಎಂದು ವೇದಿಕೆಯ ಮೇಲೆ ಹೇಳಬಾರದೆಂದು ಸುಮತಿಯವರು ಕೋರಿದ್ದಾರೆ. ಹೇಳುವುದಿಲ್ಲ. ನಾನು ಕೇಳಿಯೂ ಇಲ್ಲ. ಉಡುಪಿಯಲ್ಲಿ ಹುಟ್ಟಿ, ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಮೂಗು, ಗಂಟಲು ಕಲಿಸುವ ಈ ಮಧ್ವರಾಜ ಇಂದಿನವರೆಗೆ ಮೊಟ್ಟೆಯನ್ನೂ ತಿಂದವನಲ್ಲ. ತಿನ್ನದವನು ಪಟ್ಟಿ ಮಾಡಬಹುದೇ? ಮದುವೆಯಾಗದವರು ಜಾತಕ ಕೂಡಿಸುವುದಿಲ್ಲವೇ?

ಗಂಗಾಧರ ಮೈಸೂರಿನವನು, ಇದೇ ಊರಿನ ಮಾಂಟ್ ಕಿಯಾರಾದ ಹದಿನೆಂಟನೆಯ ಮಹಡಿಯಲ್ಲಿ ಒಬ್ಬನೇ ಇದ್ದ ಸಾಫ್ಟ್‌ವೇರ್ ಎಂಜಿನಿಯರು. ಕಳೆದ ವರ್ಷ ಜನವರಿಯಲ್ಲಿ ಅವನಿಗೆ ಕೊರೊನಾ ಬಂತು. ಜ್ವರ ಹೋಯಿತು. ಹೋಗುವಾಗ ವಾಸನೆ, ರುಚಿಗಳನ್ನೂ ಕರೆದುಕೊಂಡು ಹೋಯಿತು.

“ಮಧ್ವ, ನಾನ್ ಕೊನೇಲಿ ರುಚಿಯಾಗಿ ತಿಂದಿದ್ದು ಬಾಂಗ್ಸಾರ್‌ನಲ್ಲಿ ಒಂದು ಸ್ಟೇಕು ಕಣೋ. ಎಲ್ಲಿ ಕಳ್ಕೊಂಡ್ನೋ ಅಲ್ಲೇ ಹುಡುಕ್ಬೇಕು. ನೀನು ಮೂಸಿ ಹೇಳು, ನಾನು ತಿಂತೀನಿ.”

“ನಾನು ಮೊಟ್ಟೆ ಸಹ ಮುಟ್ಟುವವನಲ್ಲ ಮಾರಾಯ.”

“ಮುಟ್ಟು ಅಂದೋರ್ಯಾರು? ಮೂಸು ಅಂದೆ.”

ವಾಸನೆಯನ್ನು ನೆನಪಿಸಿಕೊಳ್ಳುತ್ತ ಮೂಸುವುದು ಚಿಕಿತ್ಸೆಯೇ ಹೌದು. ಆದರೆ ಅದಕ್ಕೆ ಮನೆಯ ಲವಂಗ, ನಿಂಬೆಹಣ್ಣು ಸಾಕು. ವೈದ್ಯನಾದ ನಾನು ಅದನ್ನು ಅವನಿಗೆ ಹೇಳಲಿಲ್ಲ. ಏಕೆ ಹೇಳಲಿಲ್ಲ? ಆ ವರ್ಷದ ಶನಿವಾರಗಳು ತೀರ ಉದ್ದವಾಗಿದ್ದವು.

ಹೋಟೆಲುಗಳು ತೆರೆದವು. ಒಂದು ಮೇಜಿಗೆ ಇಬ್ಬರೇ ಎಂಬ ನಿಯಮ. ನಾವು ಇಬ್ಬರೇ ಇದ್ದೆವು. ಸ್ಟೇಕ್ ಬಂದೊಡನೆ ನಾನು ಮಾಸ್ಕು ಇಳಿಸಿ, ಇನ್ನೊಬ್ಬನ ತಟ್ಟೆಯ ಮೇಲೆ ಬಾಗಿ, ಕಣ್ಣು ಮುಚ್ಚುತ್ತಿದ್ದೆ. “ಅಂಕಲ್, ಫ್ರೆಶ್ ಲಾ! ಹೀಗ್ಯಾಕೆ ಮೂಸ್ತೀರಿ?” ಎಂದು ಒಬ್ಬ ವೇಟರ್ ಅವನ ಇಂಗ್ಲಿಷಿನಲ್ಲಿ ನೊಂದುಕೊಂಡ. ನನಗೆ ಮಾಂಸದ ಭಾಷೆ ಗೊತ್ತಿಲ್ಲ. ಗೊತ್ತಿದ್ದುದನ್ನು ಹೇಳುತ್ತಿದ್ದೆ: “ಕೆಂಡದಲ್ಲಿ ಸುಟ್ಟ ನಮ್ಮೂರ ಗುಳ್ಳಬದನೆ. ಅದರ ಹಿಂದೆ ಕಾಯಿಸಿದ ಬೆಣ್ಣೆ. ಕೊನೆಗೆ ಬಾವಿಯ ಕಬ್ಬಿಣದ ರಾಟೆ.” ಅವನು ಅಗಿಯುತ್ತ, “ಹ್ಞೂಂ, ಗುಳ್ಳ... ಮುಂದೆ?” ಎನ್ನುತ್ತಿದ್ದ. ನಾನು ಹುರಿದ ಆಲೂಗಡ್ಡೆ ತಿನ್ನುತ್ತಿದ್ದೆ. ಹೀಗೆ ಹನ್ನೆರಡು ಜಾಗಗಳಾದವು. ಮತ್ತೆ ಎಲ್ಲ ಮುಚ್ಚಿದಾಗ ಅವನು ತಪಾವ್, ಅಂದರೆ ನಮ್ಮ ಪಾರ್ಸೆಲ್, ತರಿಸಿ, ಆ ಡಬ್ಬಿಯನ್ನು ವಿಡಿಯೊ ಕಾಲಿನಲ್ಲಿ ನನ್ನ ಮೂಗಿಗೆ ಹಿಡಿದ. ನಾನು ಮೂಸಿದೆ ಕೂಡ. ಇದು ಸನ್ಮಾನ ಪತ್ರದಲ್ಲಿಲ್ಲ.

ಸೆಪ್ಟೆಂಬರಿನಲ್ಲಿ ನನಗೂ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಕಾಫಿಯ ಲೋಟಕ್ಕೆ ಮೂಗು ಹಿಡಿದರೆ ಬರೀ ಬಿಸಿ. ಅಷ್ಟೇ. ನಾನು ಯಾರಿಗೂ ಹೇಳಲಿಲ್ಲ. ನನ್ನ ಹೆಂಡತಿ ಮುಂದಿನ ಸಾಲಿನಲ್ಲಿದ್ದಾಳೆ. ‘ಇವತ್ತು ಇಂಗು ಹದವಾಗಿದೆ’ ಎಂದು ಅವಳ ಸಾರನ್ನು ಏಳು ತಿಂಗಳಿಂದ ಹೊಗಳುತ್ತಿದ್ದೇನೆ. ಸರೋಜಿನಿ, ಇದನ್ನು ಮನೆಯಲ್ಲೇ ಹೇಳಬೇಕೆಂದಿದ್ದೆ. ಗಂಗಾಧರನಿಗಂತೂ ಹೇಳುವಂತಿರಲಿಲ್ಲ. ಮೂಗಿಲ್ಲದವನನ್ನು ಯಾರು ಸ್ಟೇಕಿಗೆ ಕರೆದೊಯ್ಯುತ್ತಾರೆ? ಹಾಗಾಗಿ ಹೋಟೆಲುಗಳು ಮತ್ತೆ ತೆರೆದಾಗ ಗುಳ್ಳ, ಬೆಣ್ಣೆ, ರಾಟೆ ಎಂದು ಬಾಯಿಪಾಠ ಒಪ್ಪಿಸಿದೆ. ನಿಮ್ಮ ಪಟ್ಟಿಯಲ್ಲಿ ಹದಿಮೂರರಿಂದ ಮುಂದಿನದೆಲ್ಲ ಬರೀ ವಾಕ್ಯಗಳು. ತಿಮ್ಮಪ್ಪನವರು ಹತ್ತೊಂಬತ್ತನೆಯದರಲ್ಲಿ ತಮ್ಮ ಮದುವೆಯ ಬೆಳ್ಳಿಹಬ್ಬ ಆಚರಿಸಿದರೆಂದು ಕೇಳಿದೆ. ಕ್ಷಮೆಯಿರಲಿ.

ಡಿಸೆಂಬರ್. ಇಪ್ಪತ್ತಮೂರನೆಯ ಜಾಗ. ನಾನು ಬಾಗಿ, ಮೂಸಿ, ಪಾಠ ಒಪ್ಪಿಸಿ, “ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ” ಎಂದೆ. ಗಂಗಾಧರ ಒಂದು ತುಂಡು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ನನ್ನನ್ನೇ ನೋಡಿದ, ಬಹಳ ಹೊತ್ತು. ಆಮೇಲೆ ಮೆಣಸಿನ ಸಾಸ್ ಕೇಳಿದ. ಬಟ್ಟಲಿನಲ್ಲಿದ್ದದ್ದನ್ನೆಲ್ಲ ಸುರಿದುಕೊಂಡ. ಇನ್ನೊಂದು ಬಟ್ಟಲು ತರಿಸಿದ. ಅಷ್ಟರಲ್ಲಿ ಅದೇ ಸ್ಟೇಕ್ ತರಿಸಿದ್ದ ಪಕ್ಕದ ಮೇಜಿನವರು ತಮ್ಮ ತಟ್ಟೆಯನ್ನು ದೂಡಿ ಕೂಗಿದರು: “ಬಾಸ್, ಕೆಟ್ಟು ನಾರ್ತಿದೆ ಲಾ, ತಗೊಂಡ್ಹೋಗು!” ಆ ಕೋಣೆಯಲ್ಲಿ ಎಲ್ಲರ ಕೈಯೂ ಮೂಗಿನ ಮೇಲಿತ್ತು, ನನ್ನದೊಂದನ್ನು ಬಿಟ್ಟು. ಗಂಗಾಧರ ಕೊನೆಯ ತುಂಡಿನವರೆಗೂ ತಿಂದ. ಬಾಯಿ ಒರೆಸಿಕೊಂಡು, “ಚೆನ್ನಾಗಿತ್ತು ಕಣೋ. ಗುಳ್ಳ ಸ್ವಲ್ಪ ಜಾಸ್ತಿ ಸುಟ್ಟಿತ್ತು” ಎಂದ.

ರುಚಿ ತಿಳಿಯದವನಿಗೆ ಎರಡು ಬಟ್ಟಲು ಸಾಸ್ ಏಕೆ? ಸಭಿಕರೇ, ನಾಲ್ಕು ತಿಂಗಳಿಂದ ನಾನು ತರಗತಿಗಳಲ್ಲಿ ಮೂಗಿನ ಚಿತ್ರ ಬರೆದು, ಅದರ ಮುಂದೆ ನಿಂತು ಇದನ್ನೇ ಯೋಚಿಸುತ್ತಿದ್ದೇನೆ. ಜನವರಿಯಲ್ಲಿ ಅವನಿಗೆ ಪೆನಾಂಗಿನ ಬಯಾನ್ ಲೆಪಾಸ್‌ಗೆ ವರ್ಗವಾಯಿತು. ಅವನು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಇವತ್ತು ಬರುತ್ತೇನೆಂದು ಸುಮತಿಯವರಿಗೆ ಹೇಳಿದ್ದನಂತೆ. ಎರಡನೆಯ ಸಾಲಿನಲ್ಲಿ, ಯಾರದೋ ಕೈಚೀಲ ಇಟ್ಟಿರುವ ಆ ಕುರ್ಚಿ ಅವನದು.

ಈ ಶಾಲನ್ನು ಅವನ ವಿಳಾಸಕ್ಕೆ ಕಳಿಸಿದರೆ ಒಳ್ಳೆಯದು. ಹಣ್ಣು ನಾನೇ ಇಟ್ಟುಕೊಳ್ಳುತ್ತೇನೆ. ಕರೆದ ಸಂಘಕ್ಕೆ, ಎದ್ದು ಹೋಗದೆ ಕೇಳಿದ ನಿಮಗೆ ವಂದನೆಗಳು. ಊಟಕ್ಕೆ ಒಬ್ಬಟ್ಟು ಇದೆ, ಘಮಘಮಿಸುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ನಂಬುತ್ತೇನೆ. ನಮಸ್ಕಾರ.

ಇದರ ವಿಡಿಯೊ ಪೆನಾಂಗಿಗೂ ಹೋಗುತ್ತದಂತೆ. ಗಂಗಾಧರ, ನಿನಗೆ ರುಚಿ ವಾಪಸು ಬಂದದ್ದು ಎಷ್ಟನೆಯ ಜಾಗದಲ್ಲಿ?